ಅಪ್ಪನ ಮಾತ್ರೆ, ಕುಣಿಗಲ್ ಕುದುರೆ

ಹೋದ ಬೇಸಿಗೇಲಿ ಗುಬ್ಬಿಗೆ ಹೋದಾಗ ಅಪ್ಪನ ಮಾತ್ರೆ ಡಬ್ಬಿ ತೆಗೆದು ನೋಡಿದೆ. ಸ್ಟೆಂಟ್ ಹಾಕಿ ಇನ್ನೂ ಆರು ತಿಂಗಳಾಗಿರಲಿಲ್ಲ. ಒಂದು ಸ್ಟ್ರಿಪ್ ಮಾತ್ರ ಮುಟ್ಟದೆ ಹಾಗೇ ಇತ್ತು. ಕೇಳಿದ್ರೆ, "ಅದು ರಕ್ತ ತೆಳು ಮಾಡೋ ಮಾತ್ರೆ ತಾನೇ? ದಿನಾ ಎರಡು ಎಳನೀರು ಕುಡೀತಿದ್ದೀನಿ ಕಣೋ, ರಕ್ತ ತಾನಾಗೇ ತೆಳ್ಳಗಾಗಿದೆ" ಅಂದ್ರು. ಜಗಳ ಆಡಿದೆ. ಆಮೇಲೆ ಅನ್ನಿಸಿತು, ರಕ್ತ ಮಂದ, ರಕ್ತ ತೆಳು ಅಂತ ನಾನೂ ಹೇಳ್ತೀನಲ್ಲ, ಹಾಗಂದ್ರೇನು? ಹುಡುಕುತ್ತಾ ಹೋದ್ರೆ ಕಥೆ ಶುರುವಾಗೋದು ಕುದುರೆಯಿಂದ.

ಕುದುರೆ ಅಂದ್ರೆ ನಮ್ಮ ಜಿಲ್ಲೆಯವರಿಗೆ ಕುಣಿಗಲ್ ಸ್ಟಡ್ ಫಾರಂ. ಟಿಪ್ಪುವಿನ ಕಾಲದಲ್ಲಿ ಅಶ್ವದಳಕ್ಕೆ ಕುದುರೆ ಸಾಕಿದ ಜಾಗ, ಆಮೇಲೆ ರೇಸ್ ಕುದುರೆಗಳ ತವರು. ಟಿಪ್ಪು ಹುಟ್ಟೋದಕ್ಕೂ ಮೊದಲೇ, 1733ರಲ್ಲಿ, ಸ್ಟೀಫನ್ ಹೇಲ್ಸ್ ಅನ್ನೋ ಇಂಗ್ಲಿಷ್ ಪಾದ್ರಿ ಒಂದು ಪುಸ್ತಕ ತಂದ. ಅದರಲ್ಲಿ ಹೆಣ್ಣು ಕುದುರೆಯೊಂದನ್ನು ಕಟ್ಟಿ ಮಲಗಿಸಿ, ಕಾಲಿನ ಅಪಧಮನಿಗೆ ಹಿತ್ತಾಳೆ ಕೊಳವೆ, ಅದರ ಮೇಲೆ ಗಾಜಿನ ನಳಿಗೆ ಸೇರಿಸಿದ ಕಥೆ ಇದೆ. ರಕ್ತ 8 ಅಡಿ 3 ಇಂಚು ಏರಿತ್ತು. ರಕ್ತದೊತ್ತಡವನ್ನು ಅಳೆದದ್ದು ಅದೇ ಮೊದಲು.

ಒತ್ತಡ ಗೊತ್ತಾಯ್ತು, ಹರಿವು? ಫ್ರಾನ್ಸಿನ ವೈದ್ಯ ಪ್ವಾಸೆಯ್ 1840ರ ಹೊತ್ತಿಗೆ ಕೂದಲೆಳೆಯಂಥ ಗಾಜಿನ ನಳಿಗೆಗಳಲ್ಲಿ ನೀರು ಹರಿಸಿ ಲೆಕ್ಕ ಹಾಕಿದ. ನಳಿಗೆ ಅರ್ಧ ಕಿರಿದಾದ್ರೆ ಹರಿವು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತೆ. ಅಪ್ಪನ ಎದೆನೋವಿನ ಗಣಿತ ಇದೇ. ದ್ರವ ಮಂದವಾದಷ್ಟೂ ಹರಿವು ಕಡಿಮೆ. ಹೈಸ್ಕೂಲಲ್ಲಿ ಸ್ನಿಗ್ಧತೆ ಅಂತ ಬಾಯಿಪಾಠ ಮಾಡಿದ್ವಲ್ಲ, ಅದು.

ಆದ್ರೆ ರಕ್ತ ನೀರಲ್ಲ, ಅದರ ತುಂಬ ಜೀವಕೋಶ. ಕೆಂಪು ಕಣಗಳು ನಿಧಾನ ಹರಿವಿನಲ್ಲಿ ಚಿಲ್ಲರೆ ಕಾಸು ಜೋಡಿಸಿದ ಹಾಗೆ ಒಂದರ ಮೇಲೊಂದು ಕೂರುತ್ವೆ, ರಕ್ತ ಮಂದವಾಗುತ್ತೆ. ವೇಗ ಹೆಚ್ಚಾದ್ರೆ ಚದುರುತ್ವೆ, ಸಾಸ್ ಬಾಟಲಿ ಅಲ್ಲಾಡಿಸಿದ ಹಾಗೆ ಸಡಿಲ. ಕುದುರೆ ರಕ್ತದಲ್ಲಿ ಈ ಜೋಡಣೆ ಮನುಷ್ಯರಿಗಿಂತ ಜೋರು. ಜೊತೆಗೆ ರೇಸಿನಲ್ಲಿ ಕುದುರೆಯ ಗುಲ್ಮ ತಾನು ಕೂಡಿಟ್ಟ ಕೆಂಪು ಕಣಗಳನ್ನು ರಕ್ತಕ್ಕೆ ಸುರಿಯುತ್ತೆ. ನಿಂತಾಗ ಸುಮಾರು 40% ಇದ್ದ ಕಣಗಳ ಪಾಲು ಓಟದಲ್ಲಿ 60% ದಾಟುತ್ತೆ. ಅಂದ್ರೆ ಗೆಲ್ಲೋ ಕುದುರೆಯ ರಕ್ತ ತೆಳುವಲ್ಲ, ಮಂದ! 1931ರಲ್ಲಿ ಸ್ವೀಡನ್ನಿನ ಫೋರೇಯಸ್ ಮತ್ತು ಲಿಂಡ್‌ಕ್ವಿಸ್ಟ್ ಇನ್ನೊಂದು ಸೋಜಿಗ ಕಂಡ್ರು. 0.3 ಮಿಲಿಮೀಟರಿಗಿಂತ ಸಣ್ಣ ನಳಿಗೇಲಿ ಕಣಗಳು ನಡುವಿಗೆ ಸರಿದು ಅಂಚಲ್ಲಿ ತಿಳಿ ಉಳಿಯುತ್ತೆ, ಅದರಿಂದ ರಕ್ತ ಸಲೀಸಾಗಿ ಜಾರುತ್ತೆ.

ಸುತ್ತಲ ದ್ರವ ಮಂದವಾದ್ರೆ ಜೀವಕೋಶ ಸುಮ್ಮನೆ ನಿಧಾನ ಆಗುತ್ತಾ? ನಾವಾದ್ರೆ ಹೌದು ಅಂತೀವಿ. 2022ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಕೌಸ್ತವ್ ಬೇರಾ, ಕಾನ್‌ಸ್ಟಾಂಟೊಪೌಲೋಸ್ ಮತ್ತು ಸಂಗಡಿಗರು 'ನೇಚರ್'ನಲ್ಲಿ ಬರೆದದ್ದು ತದ್ವಿರುದ್ಧ. ಮಾಮೂಲಿಗಿಂತ ಸುಮಾರು 10 ಪಟ್ಟು ಮಂದವಾದ ದ್ರವದಲ್ಲಿ ಕ್ಯಾನ್ಸರ್ ಕೋಶಗಳು ಇನ್ನೂ ಜೋರಾಗಿ ಸಾಗಿದವು. ಕೋಶ ಆ ಭಾರವನ್ನು ಗ್ರಹಿಸಿ ಒಳಗಿನ ಆ್ಯಕ್ಟಿನ್ ಚೌಕಟ್ಟನ್ನೇ ಬದಲಿಸಿಕೊಳ್ಳುತ್ತೆ. ಕೆಲವು ದಿನ ಮಂದ ದ್ರವದಲ್ಲಿದ್ದ ಕೋಶಗಳನ್ನು ತೆಳು ದ್ರವಕ್ಕೆ ಹಾಕಿದ್ರೂ ಆ ಚುರುಕು ಉಳಿದಿತ್ತು, ಅದಕ್ಕೆ ನೆನಪಿದೆ.

ಸರಿ, ಅಪ್ಪನ ಮಾತ್ರೆ? ಅದು ರಕ್ತವನ್ನು ತೆಳು ಮಾಡೋದೇ ಇಲ್ಲ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಸ್ಟೆಂಟ್ ಒಳಗೆ ಹೆಪ್ಪುಗಟ್ಟದ ಹಾಗೆ ತಡೆಯುತ್ತೆ, ಅಷ್ಟೇ. ಹೊಸ ಸ್ಟೆಂಟ್ ಇರೋರು ಡಾಕ್ಟರನ್ನು ಕೇಳದೆ ಬಿಟ್ರೆ ಜೀವಕ್ಕೇ ಅಪಾಯ. ಎಳನೀರು ಬಾಯಾರಿಕೆಗೆ ಒಳ್ಳೇದು, ಆದ್ರೆ ಈ ಕೆಲಸ ಮಾಡಲ್ಲ. "ತೆಳು" ಅನ್ನೋ ಪದ ನಾವೇ ಹೇಳಿಕೊಟ್ಟದ್ದು. ಅಪ್ಪ ಅದನ್ನ ನಂಬಿದ್ರು, ತಪ್ಪು ಅವರದಲ್ಲ.

ಮುಂದಿನ ಶನಿವಾರ ತುಮಕೂರಿಗೆ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಮಾತ್ರೆ ಮತ್ತೆ ಶುರುವಾಯ್ತು. ದಾರೀಲಿ ಕುದುರೆ ಕಥೆಯೆಲ್ಲ ಹೇಳಿದ್ದೆ. ಈಗ ಫೋನಲ್ಲಿ ನಾನು "ರಕ್ತ ತೆಳು ಮಾಡೋ ಮಾತ್ರೆ ತಗೊಂಡ್ರಾ?" ಅಂತ ಬಾಯಿ ತಪ್ಪಿ ಕೇಳಿದ್ರೆ, "ಅಂಟದ ಹಾಗೆ ಮಾಡೋ ಮಾತ್ರೆ ಅನ್ನೋ" ಅಂತ ಅಪ್ಪನೇ ತಿದ್ತಾರೆ.