ಪೊವಿಡೋನ್ ಅಯೋಡಿನ್: ಗುಣ ಮತ್ತು ಉಪಯೋಗ

ಅಯೋಡಿನ್ ಹಾಗೂ ಪೊವಿಡೋನ್ ಎಂಬ ಪಾಲಿಮರ್ ಕೂಡಿ ಆದ ಕಂದುಬಣ್ಣದ ನಂಜುನಿರೋಧಕವೇ ಪೊವಿಡೋನ್ ಅಯೋಡಿನ್. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಇದನ್ನು ರೂಪಿಸಿದ್ದು 1955ರಲ್ಲಿ. ಹಿಂದಿನ ಟಿಂಚರ್ ಅಯೋಡಿನ್‌ನಲ್ಲಿ ಮದ್ಯಸಾರವಿದ್ದುದರಿಂದ ಗಾಯ ತೀವ್ರವಾಗಿ ಉರಿಯುತ್ತಿತ್ತು. ನೀರಿನಲ್ಲಿ ಕರಗುವ ಈ ಸಂಯುಕ್ತವು ಅಯೋಡಿನ್ನನ್ನು ನಿಧಾನವಾಗಿ ಬಿಡುಗಡೆ ಮಾಡುವುದರಿಂದ ಉರಿ ಕಡಿಮೆ. ಶೇ. 10ರ ದ್ರಾವಣದಲ್ಲಿ ದೊರೆಯುವ ಅಯೋಡಿನ್ ಶೇ. 1ರಷ್ಟು. ಬ್ಯಾಕ್ಟೀರಿಯಾ, ಶಿಲೀಂಧ್ರ ಹಾಗೂ ಹಲವು ವೈರಾಣುಗಳನ್ನು ಇದು ನಾಶಪಡಿಸುತ್ತದೆ. ರಕ್ತ, ಕೀವು, ಕೊಳೆಗಳಿಂದ ಶಕ್ತಿ ಕುಂದುವ ಕಾರಣ ಮೊದಲು ಗಾಯವನ್ನು ತೊಳೆಯಬೇಕು. ಹಚ್ಚಿದ ಬಳಿಕ ಒಣಗಲು ಬಿಡಬೇಕು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಂತಹ ಹೈನುಗಾರಿಕೆಯ ಸೀಮೆಯಲ್ಲಿ ಅಯೋಡಿನ್ ದ್ರಾವಣಗಳು ಕೊಟ್ಟಿಗೆಗೂ ಬೇಕಾದವು. ಹಾಲು ಕರೆದ ಮೇಲೆ ಮೊಲೆತೊಟ್ಟಿನ ರಂಧ್ರ ಮುಚ್ಚಿಕೊಳ್ಳಲು ಅರ್ಧದಿಂದ ಒಂದು ಗಂಟೆ ಹಿಡಿಯುತ್ತದೆ. ಆ ವೇಳೆಯಲ್ಲಿ ಒಳಸೇರುವ ರೋಗಾಣುಗಳಿಂದ ಕೆಚ್ಚಲು ಬಾವು ಉಂಟಾಗಿ ಹಾಲು ಕೆಡುತ್ತದೆ, ಇಳುವರಿ ಕುಸಿಯುತ್ತದೆ. ಕರೆದ ಕೂಡಲೇ ತೊಟ್ಟುಗಳನ್ನು ಶೇ. 0.5ರಷ್ಟು ಅಯೋಡಿನ್ ದೊರೆಯುವ ದ್ರಾವಣದಲ್ಲಿ ಅದ್ದಿದರೆ ಈ ಅಪಾಯ ತಗ್ಗುತ್ತದೆ. ಆದರೆ ಮತ್ತೆ ಕರೆಯುವ ಮುನ್ನ ತೊಟ್ಟುಗಳನ್ನು ತೊಳೆದು ಒರೆಸದಿದ್ದಲ್ಲಿ ಅಯೋಡಿನ್ ಅಂಶ ಹಾಲಿಗೆ ಬೆರೆಯುತ್ತದೆ.

ನಾಯಿ ಕಚ್ಚಿದಾಗ ಗಾಯವನ್ನು 15 ನಿಮಿಷ ಸಾಬೂನು, ನೀರಿನಿಂದ ತೊಳೆದು, ನಂತರ ಈ ದ್ರಾವಣವನ್ನು ಹಚ್ಚಬೇಕು. ಇದು ರೇಬೀಸ್ ಲಸಿಕೆಗೆ ಬದಲಿಯಲ್ಲ. ತಡಮಾಡದೆ ಆಸ್ಪತ್ರೆಗೆ ತೆರಳಿ ಲಸಿಕೆ ಪಡೆಯುವುದು ಅನಿವಾರ್ಯ.

ಅಯೋಡಿನ್ ಚರ್ಮದ ಮೂಲಕ ದೇಹ ಸೇರಿ ಥೈರಾಯ್ಡ್ ಗ್ರಂಥಿಯ ಮೇಲೆ ಪರಿಣಾಮ ಬೀರಬಲ್ಲದು. ಆದ್ದರಿಂದ ಥೈರಾಯ್ಡ್ ತೊಂದರೆಯುಳ್ಳವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರ ಸಲಹೆ ಪಡೆಯಬೇಕು. ನವಜಾತ ಶಿಶುಗಳಿಗೆ ಹಾಗೂ ವಿಶಾಲವಾದ ಸುಟ್ಟಗಾಯಗಳಿಗೆ ವೈದ್ಯರು ಹೇಳದೆ ಬಳಸಬಾರದು.