ಅಣ್ಣನ ಕೋಣೆ ಸೇರಿದ ಕಂಪ್ಯೂಟರ್

ಎರಡನೇ ಮಹಾಯುದ್ಧದ ಕಾಲದಲ್ಲಿ ‘ಕಂಪ್ಯೂಟರ್’ ಎಂದರೆ ಸಾಮಾನ್ಯವಾಗಿ ಯಂತ್ರವಲ್ಲ, ಮನುಷ್ಯ. ದಿನವಿಡೀ ಕುಳಿತು ಲೆಕ್ಕ ಹಾಕುವ ನೌಕರರಿಗೆ ಆ ಹೆಸರಿತ್ತು. ಫಿರಂಗಿ ಗುಂಡು ಸಾಗುವ ದಾರಿಯನ್ನು ಲೆಕ್ಕ ಹಾಕಲು ಅಮೆರಿಕದ ಸೇನೆ ಫಿಲಡೆಲ್ಫಿಯಾದಲ್ಲಿ ನೇಮಿಸಿಕೊಂಡಿದ್ದ ಇಂಥ ‘ಕಂಪ್ಯೂಟರ್’ಗಳಲ್ಲಿ ಬಹುಪಾಲು ಜನ ಗಣಿತ ಬಲ್ಲ ಯುವತಿಯರು. 1945ರಲ್ಲಿ ಅವರಲ್ಲಿ ಆರು ಮಂದಿಯನ್ನು ಹೊಸ ಕೆಲಸವೊಂದಕ್ಕೆ ಆರಿಸಲಾಯಿತು. ಸುಮಾರು 18,000 ವ್ಯಾಕ್ಯೂಮ್ ಟ್ಯೂಬುಗಳಿದ್ದ ಎನಿಯಾಕ್ ಎಂಬ ದೈತ್ಯ ಗಣಕಯಂತ್ರಕ್ಕೆ ಲೆಕ್ಕ ಕಲಿಸುವುದೇ ಆ ಕೆಲಸ.

ಕೇ ಮೆಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್ ಮತ್ತು ರೂತ್ ಲಿಕ್ಟರ್‌ಮನ್ ಅವರ ಮುಂದೆ ಪಠ್ಯಪುಸ್ತಕವಿರಲಿಲ್ಲ, ಪಾಠ ಹೇಳುವವರೂ ಇರಲಿಲ್ಲ. ಯಂತ್ರದ ನಕ್ಷೆಗಳನ್ನು ಓದಿಯೇ ಅವರು ಅದರ ಮರ್ಮ ತಿಳಿದುಕೊಂಡರು. 1946ರ ಫೆಬ್ರುವರಿಯಲ್ಲಿ ಎನಿಯಾಕ್ ಸಾರ್ವಜನಿಕ ಪ್ರದರ್ಶನಕ್ಕೆ ಬಂದಾಗ, ಗುಂಡು ಗುರಿ ಮುಟ್ಟುವಷ್ಟರೊಳಗೆ ಅದರ ದಾರಿಯ ಲೆಕ್ಕವನ್ನು ಮುಗಿಸಿ ನೋಡಿದವರನ್ನು ಬೆರಗುಗೊಳಿಸಿತು. ಆ ಲೆಕ್ಕವನ್ನು ಯಂತ್ರಕ್ಕೆ ಅಳವಡಿಸಿದ್ದವರು ಈ ಮಹಿಳೆಯರು. ಆದರೆ ಸಂಭ್ರಮದ ಔತಣಕ್ಕೆ ಅವರಿಗೆ ಕರೆ ಇರಲಿಲ್ಲ.

ಯಂತ್ರ ಕಟ್ಟುವುದು ಎಂಜಿನಿಯರರ ಘನಕಾರ್ಯ, ಅದಕ್ಕೆ ಸೂಚನೆ ಬರೆಯುವುದು ಗುಮಾಸ್ತಿಕೆಯ ಮುಂದುವರಿಕೆ ಎಂಬ ಭಾವನೆ ಆಗ ಇತ್ತು. ಈ ತಾತ್ಸಾರವೇ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು ಎಂಬುದು ವಿಚಿತ್ರವಾದರೂ ನಿಜ. 1967ರಲ್ಲಿ ‘ಕಾಸ್ಮೊಪಾಲಿಟನ್’ ಎಂಬ ಅಮೆರಿಕದ ಮಹಿಳಾ ಪತ್ರಿಕೆ ಪ್ರೋಗ್ರಾಮಿಂಗ್ ಉದ್ಯೋಗದ ಬಗ್ಗೆ ಹುಡುಗಿಯರಿಗಾಗಿ ಲೇಖನವನ್ನೇ ಪ್ರಕಟಿಸಿತು. ಪ್ರೋಗ್ರಾಮ್ ಬರೆಯುವುದು ಔತಣದ ಅಡುಗೆಗೆ ಮೊದಲೇ ಯೋಜನೆ ಹಾಕಿಕೊಂಡಂತೆ ಎಂದು ಅದರಲ್ಲಿ ವಿವರಿಸಿದವರು, 1952ರಲ್ಲಿ ಮೊದಲ ಕಂಪೈಲರ್‌ಗಳಲ್ಲೊಂದನ್ನು ರಚಿಸಿದ ಗ್ರೇಸ್ ಹಾಪರ್. ಮುಂದಿನ ವರ್ಷಗಳಲ್ಲಿ ಅಮೆರಿಕದ ಕಾಲೇಜುಗಳ ಕಂಪ್ಯೂಟರ್ ತರಗತಿಗಳಲ್ಲಿ ಹುಡುಗಿಯರ ಸಂಖ್ಯೆ ಏರುತ್ತ ಹೋಯಿತು. 1984ರ ಹೊತ್ತಿಗೆ ಆ ವಿಷಯದಲ್ಲಿ ಪದವಿ ಪಡೆದವರಲ್ಲಿ ಶೇ 37ರಷ್ಟು ಮಹಿಳೆಯರಿದ್ದರು.

ಅಲ್ಲಿಂದ ಇಳಿಮುಖ. 2010ರ ಸುಮಾರಿಗೆ ಈ ಪಾಲು ಶೇ 18ಕ್ಕೆ ಕುಸಿದಿತ್ತು. ವೈದ್ಯಕೀಯ, ಕಾನೂನು ಶಿಕ್ಷಣದಲ್ಲಿ ಮಹಿಳೆಯರು ಮೇಲೇರುತ್ತಿದ್ದ ಕಾಲದಲ್ಲೇ ಇದು ನಡೆಯಿತು ಎಂಬುದನ್ನು ಮರೆಯಬಾರದು. ಹೆಣ್ಣುಮಕ್ಕಳ ಬುದ್ಧಿ ದಿಢೀರನೆ ಮಂಕಾಯಿತೆ?

ಕಾರಣಗಳಲ್ಲೊಂದು ಮನೆಯೊಳಗೇ ಇತ್ತು. 1977ರಲ್ಲಿ ಆ್ಯಪಲ್-2, 1981ರಲ್ಲಿ ಐಬಿಎಂ ಪಿಸಿ, 1982ರಲ್ಲಿ ಕಮೊಡೊರ್-64 ಮಾರುಕಟ್ಟೆಗೆ ಬಂದವು. ಕಂಪ್ಯೂಟರ್ ಮನೆಯ ವಸ್ತುವಾಯಿತು. ಜಾಹೀರಾತುಗಳಲ್ಲಿ ಅದರ ಮುಂದೆ ಕೂರುತ್ತಿದ್ದವರು ಹೆಚ್ಚಾಗಿ ಹುಡುಗರು. ಮನೆಗೆ ತಂದ ಯಂತ್ರ ಅನೇಕ ಕಡೆ ಸೇರಿದ್ದು ಮಗನ ಕೋಣೆಯನ್ನು. ಅಪ್ಪ ಮಗ ಕೂಡಿ ಅದನ್ನು ಬಿಚ್ಚುವುದು, ಜೋಡಿಸುವುದು, ಆಟ ಆಡುವುದು. ಮಗಳಿಗೆ ಅಣ್ಣನ ಬೆನ್ನ ಹಿಂದೆ ನಿಂತು ನೋಡುವ ಅವಕಾಶ. ಹತ್ತು ವರ್ಷ ಹೀಗೆ ಕಳೆದು ಇಬ್ಬರೂ ಕಾಲೇಜಿಗೆ ಬಂದರೆ, ಮೊದಲ ದಿನವೇ ಒಬ್ಬ ಪಂಡಿತ, ಇನ್ನೊಬ್ಬಳು ಅನಕ್ಷರಸ್ಥೆ! ಎಲ್ಲರಿಗೂ ಇಷ್ಟಾದರೂ ಗೊತ್ತಿದೆ ಎಂದುಕೊಂಡೇ ಅಧ್ಯಾಪಕರೂ ಪಾಠ ಆರಂಭಿಸುತ್ತಿದ್ದರು.

ಇದನ್ನು ಸವಿವರವಾಗಿ ದಾಖಲಿಸಿದವರು ಸಮಾಜ ವಿಜ್ಞಾನಿ ಜೇನ್ ಮಾರ್ಗೊಲಿಸ್ ಮತ್ತು ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅಲನ್ ಫಿಷರ್. 1995ರಿಂದ ನಾಲ್ಕು ವರ್ಷ ಅವರು ಅಲ್ಲಿನ ನೂರಕ್ಕೂ ಹೆಚ್ಚು ಕಂಪ್ಯೂಟರ್ ವಿದ್ಯಾರ್ಥಿಗಳನ್ನು ಮತ್ತೆ ಮತ್ತೆ ಮಾತಾಡಿಸಿದರು. 2002ರಲ್ಲಿ ಪುಸ್ತಕವೂ ಬಂತು. ಹುಡುಗರಲ್ಲಿ ಹಲವರು ಯಂತ್ರಕ್ಕೇ ಮರುಳಾದವರು. ಹುಡುಗಿಯರಲ್ಲಿ ಹಲವರಿಗೆ ಅದರಿಂದ ವೈದ್ಯಕೀಯಕ್ಕೋ ಶಿಕ್ಷಣಕ್ಕೋ ಏನು ಉಪಯೋಗ ಎಂಬ ಆಸಕ್ತಿ. ಹಗಲಿರುಳು ಪ್ರೋಗ್ರಾಮನ್ನೇ ಕನವರಿಸುವವರೇ ನಿಜವಾದ ಕಂಪ್ಯೂಟರ್ ವಿದ್ಯಾರ್ಥಿಗಳು ಎಂಬ ಕಲ್ಪನೆ ತರಗತಿಯಲ್ಲಿ ಬೇರೂರಿತ್ತು. ತಾವು ಹಾಗಲ್ಲ, ಆದ್ದರಿಂದ ತಮ್ಮ ಜಾಗ ಇದಲ್ಲ ಎಂದು ಒಳ್ಳೆಯ ಅಂಕ ಪಡೆದ ಹುಡುಗಿಯರೂ ನಂಬುತ್ತಿದ್ದರು. ತಮಾಷೆಯೆಂದರೆ, ಹುಡುಗರಲ್ಲೂ ಅನೇಕರು ಹಾಗಿರಲಿಲ್ಲ. ಮೊದಲು ಆತ್ಮವಿಶ್ವಾಸ ಕುಂದುತ್ತದೆ, ಆಸಕ್ತಿ ಹೋಗುವುದು ಅದರ ಹಿಂದೆ ಎಂಬುದು ಸಂಶೋಧಕರು ಕಂಡುಕೊಂಡ ಮುಖ್ಯ ಸಂಗತಿ. ‘ಅವಳಿಗೇ ಆಸಕ್ತಿ ಇಲ್ಲ’ ಎನ್ನುವವರು ಗಮನಿಸಬೇಕಾದ ಮಾತಿದು.

ವಿಶ್ವವಿದ್ಯಾಲಯ ಮಾಡಿದ ಬದಲಾವಣೆಗಳು ದೊಡ್ಡವೇನಲ್ಲ. ಪ್ರವೇಶಕ್ಕೆ ಮುಂಚಿನ ಪ್ರೋಗ್ರಾಮಿಂಗ್ ಅನುಭವಕ್ಕೆ ಕೊಡುತ್ತಿದ್ದ ತೂಕವನ್ನು ಇಳಿಸಲಾಯಿತು. ಅನುಭವವಿದ್ದವರಿಗೂ ಇಲ್ಲದವರಿಗೂ ಆರಂಭದ ತರಗತಿಗಳು ಬೇರೆಬೇರೆಯಾದವು. ಪ್ರೌಢಶಾಲಾ ಶಿಕ್ಷಕರಿಗೆ ಬೇಸಿಗೆ ತರಬೇತಿ ನಡೆಯಿತು. ಆಗ ಕಂಪ್ಯೂಟರ್ ವಿಜ್ಞಾನ ಶಾಲೆಯ ಡೀನ್ ಆಗಿದ್ದವರು ಆಂಧ್ರದ ಕಾಟೂರಿನಿಂದ ಹೋದ ರಾಜ್ ರೆಡ್ಡಿ. 1995ರಲ್ಲಿ ಶೇ 7ರಷ್ಟಿದ್ದ ಹೊಸ ವಿದ್ಯಾರ್ಥಿನಿಯರ ಪಾಲು 2000ದಲ್ಲಿ ಶೇ 42 ಮುಟ್ಟಿತು.

ಭಾರತದ ಕಥೆ ಬೇರೆಯದೇ. ಎಪ್ಪತ್ತರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದ ಸುಧಾ ಮೂರ್ತಿ, ತಮ್ಮ ವಿಭಾಗದಲ್ಲಿ ತಾವೊಬ್ಬರೇ ಹುಡುಗಿ ಎಂದು ಬರೆದಿದ್ದಾರೆ. ಮುಂದೆ ಎಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ಸೈನ್ಸ್ ವಿಭಾಗಗಳಿಗೆ ಹುಡುಗಿಯರು ಅಮೆರಿಕವೇ ಅಚ್ಚರಿಪಡುವ ಸಂಖ್ಯೆಯಲ್ಲಿ ಬಂದರು. ಇಲ್ಲಿನ ವಿದ್ಯಾರ್ಥಿನಿಯರನ್ನು ಸಂದರ್ಶಿಸಿದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ರೋಲಿ ವರ್ಮಾ, ಈ ವಿದ್ಯೆ ಗಂಡಸರದು ಎಂಬ ಅಳುಕು ಅವರಲ್ಲಿ ಕಾಣಲಿಲ್ಲ ಎನ್ನುತ್ತಾರೆ. ಗಣಿತ ಚೆನ್ನಾಗಿ ಬರುತ್ತದೆ, ಅಷ್ಟೇ ಸಾಕು ಎಂಬ ಧೈರ್ಯ ಅವರಿಗಿತ್ತು. ಕರ್ನಾಟಕದ ಸಿಇಟಿಯನ್ನೇ ನೋಡಿ: ಎಂಜಿನಿಯರಿಂಗ್ ಸೀಟಿಗೆ ಅದು ಕೇಳುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಮನೆಯಲ್ಲಿ ಕಂಪ್ಯೂಟರ್ ಇತ್ತೆ ಎಂದಲ್ಲ. ಬಹುತೇಕ ಮನೆಗಳಲ್ಲಿ ಯಂತ್ರವೇ ಇಲ್ಲದಿದ್ದ ವರ್ಷಗಳಲ್ಲಿ ಅಣ್ಣನೂ ತಂಗಿಯೂ ಕಾಲೇಜಿನ ಲ್ಯಾಬಿನಲ್ಲೇ ಮೊದಲ ಬಾರಿಗೆ ಕೀಲಿಮಣೆ ಮುಟ್ಟಿದರು.

ಆದರೆ ಮನೆಯವರ ಒಪ್ಪಿಗೆಗೆ ಇನ್ನೊಂದು ಮುಖವೂ ಇದೆ. ಬಿಸಿಲಿಲ್ಲ, ಸೈಟಿನ ಓಡಾಟವಿಲ್ಲ, ನೆರಳಿನಲ್ಲಿ ಕುಳಿತು ಮಾಡುವ ಮರ್ಯಾದೆಯ ಕೆಲಸ ಎಂದೇ ಸಿವಿಲ್, ಮೆಕ್ಯಾನಿಕಲ್ ಬೇಡವೆಂದ ತಂದೆತಾಯಂದಿರೂ ಇದಕ್ಕೆ ಹೂಂಗುಟ್ಟಿದರು. ಆಯ್ಕೆ ಮಗಳದಷ್ಟೇ ಆಗಿರಲಿಲ್ಲ. ಕಾಲೇಜು ಸೇರಿದ ಮೇಲೂ ಹಲವೆಡೆ ಹುಡುಗಿಯರ ಹಾಸ್ಟೆಲ್ ಬಾಗಿಲು ಹುಡುಗರದಕ್ಕಿಂತ ಮೊದಲೇ ಮುಚ್ಚುತ್ತದೆ. 2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು ‘ಪಿಂಜ್ರಾ ತೋಡ್’ ಎಂಬ ಹೆಸರಿನಲ್ಲಿ ಚಳವಳಿ ಹೂಡಿದ್ದು ಈ ವೇಳೆಯ ಕಟ್ಟಳೆಯ ವಿರುದ್ಧವೇ. ಪ್ರೋಗ್ರಾಮಿನ ತಪ್ಪು ಹುಡುಕುತ್ತ ಹುಡುಗರು ನಡುರಾತ್ರಿಯವರೆಗೆ ಲ್ಯಾಬಿನಲ್ಲಿ ಕೂರಬಲ್ಲರು. ಅದೇ ತರಗತಿಯ ಹುಡುಗಿ ಗಡಿಯಾರ ನೋಡಿಕೊಂಡು ಎದ್ದು ಹೋಗಬೇಕು.