ಮಾಜಿ

ದೇವನಾಗರಿ ಓದಲು ಬರುವ ಕನ್ನಡಿಗನಿಗೆ ಪುಣೆಯ ಬೋರ್ಡುಗಳು ಅಪರಿಚಿತವಲ್ಲ, ಅರ್ಧ ಮಾತು ನಮ್ಮದೇ. ಖಡಕಿ, ವಾನವಡಿ, ಘೋರ್ಪಡಿ ಕಡೆ ಓಡಾಡುವಾಗ ಪದೇ ಪದೇ ಕಣ್ಣಿಗೆ ಬೀಳುವ ಜೋಡಿಪದ 'ಮಾಜಿ ಸೈನಿಕ'. ಸೆಕ್ಯುರಿಟಿ ಏಜೆನ್ಸಿಯ ಜಾಹೀರಾತಿನಲ್ಲಿ 'ಮಾಜಿ ಸೈನಿಕರಿಗೆ ಆದ್ಯತೆ'. ಸಂಘದ ಕಚೇರಿಯ ಬಾಗಿಲ ಮೇಲೆ, ಕಾರಿನ ಹಿಂದಿನ ಗಾಜಿನ ಮೇಲೆ, ಅರ್ಜಿ ನಮೂನೆಯ ಒಂದು ಕಾಲಮಿನಲ್ಲಿ ಕೂಡ ಅದೇ. ಅಕ್ಷರ ಬೇರೆ ಇರಬಹುದು, ಮಾತು ಬೆಳಗಾವಿಯಲ್ಲೂ ಹಾವೇರಿಯಲ್ಲೂ ನಾವು ದಿನಾ ಆಡುವುದೇ.

ಮಾಜಿ ಅರಬ್ಬಿಯ ಮಾತು. ಕಳೆದದ್ದು, ದಾಟಿಹೋದದ್ದು ಎಂದು ಅರ್ಥ. ಅರಬ್ಬಿ ವ್ಯಾಕರಣದಲ್ಲಿ ಭೂತಕಾಲಕ್ಕೇ ಆ ಹೆಸರು. ಪಾರಸಿಗೆ ಬಂತು, ಪಾರಸಿಯಿಂದ ದಖ್ಖನಿನ ದಫ್ತರಗಳಿಗೆ ಬಂತು, ಮರಾಠಿಯಲ್ಲೂ ಕನ್ನಡದಲ್ಲೂ ತಳವೂರಿತು. ಅದರ ಜೊತೆಗಾರ 'ಹಾಲಿ' ಕೂಡ ಅದೇ ದಾರಿಯಲ್ಲಿ ಬಂದದ್ದು. ಸಿಪಾಯಿ, ಹವಾಲ್ದಾರ, ಸುಬೇದಾರ ಇವೂ ಆ ದಾರಿಯವೇ. ಶಿವಾಜಿ ಮಹಾರಾಜರು ರಘುನಾಥ ಪಂಡಿತರಿಂದ 'ರಾಜವ್ಯವಹಾರಕೋಶ' ಮಾಡಿಸಿ ಪಾರಸಿ ಪದಗಳಿಗೆ ಸಂಸ್ಕೃತದ ಬದಲಿ ಪದಗಳನ್ನು ಕೊಡಿಸಿದರು. ಆದರೂ ಹವಾಲ್ದಾರ ಹೋಗಲಿಲ್ಲ, ಸುಬೇದಾರ ಹೋಗಲಿಲ್ಲ. ಭಾರತದ ಸೈನ್ಯದಲ್ಲಿ ಇವತ್ತಿಗೂ ಅವೇ ಹುದ್ದೆಗಳು. ಹೆಗಲ ಮೇಲಿನ ಹುದ್ದೆ ಮತ್ತು ಆ ಹುದ್ದೆ ಮುಗಿಯಿತು ಎಂದು ಹೇಳುವ ಮಾತು, ಎರಡೂ ನಮ್ಮಲ್ಲಿಗೆ ಒಟ್ಟಿಗೇ ಬಂದಿವೆ.

ಈ ಪದವನ್ನು ನಾವು ಎಲ್ಲಿ ಬಳಸುತ್ತೇವೆ, ಎಲ್ಲಿ ಬಳಸುವುದಿಲ್ಲ ಎಂದು ಗಮನಿಸಬೇಕು. ಮಾಜಿ ಮುಖ್ಯಮಂತ್ರಿ, ಮಾಜಿ ಶಾಸಕ, ಮಾಜಿ ಅಧ್ಯಕ್ಷ ಎನ್ನುತ್ತೇವೆ. ಅಲ್ಲೆಲ್ಲ ಒಂದು ಕುರ್ಚಿ ಇದೆ, ಅದರಲ್ಲಿ ಈಗ ಇನ್ನೊಬ್ಬರು ಕೂತಿದ್ದಾರೆ, ಹಾಗಾಗಿ ಮಾಜಿ ಸರಿಯಾದ ಮಾತು. ಆದರೆ ನಿವೃತ್ತರಾದ ಮೇಷ್ಟ್ರನ್ನು ಮಾಜಿ ಮೇಷ್ಟ್ರು ಎಂದವರಿಲ್ಲ. ಪೆನ್ಷನ್ ತೆಗೆದುಕೊಂಡು ಇಪ್ಪತ್ತು ವರ್ಷವಾದರೂ ಸಂತೆಯಲ್ಲಿ ಎದುರಾದರೆ 'ನಮಸ್ಕಾರ ಮೇಷ್ಟ್ರೇ' ಎಂದೇ ಕೈ ಮುಗಿಯುತ್ತೇವೆ. ಡಾಕ್ಟರು ದವಾಖಾನೆ ಮುಚ್ಚಿದರೂ ಡಾಕ್ಟರೇ. ಶಾಲೆ ಬಿಟ್ಟವರನ್ನು ಮರಾಠಿಯವರು 'ಮಾಜಿ ವಿದ್ಯಾರ್ಥಿ' ಎನ್ನುತ್ತಾರೆ, ನಾವು 'ಹಳೆ ವಿದ್ಯಾರ್ಥಿ' ಎನ್ನುತ್ತೇವೆ. ಕನ್ನಡದ ಕಿವಿಗೆ ಅಲ್ಲಿ ಮಾಜಿ ಹಿಡಿಸಿಲ್ಲ. ಸೈನಿಕನ ಹೆಸರಿನ ಹಿಂದೆ ಮಾತ್ರ ಯಾವ ಅಳುಕೂ ಇಲ್ಲದೆ ಬಂದು ಕೂತುಬಿಟ್ಟಿದೆ.

ಅದೂ ಕಚೇರಿಯ ಕಾಗದದಲ್ಲಿ, ಪತ್ರಿಕೆಯಲ್ಲಿ, ವೇದಿಕೆಯ ಮೇಲೆ ಮಾತ್ರ. ಹಳ್ಳಿಗೆ ಹೋದರೆ ಕಥೆ ಬೇರೆ. ಅಲ್ಲಿ ಸೈನ್ಯದಿಂದ ಬಂದವನು 'ಮಿಲಿಟ್ರಿ'. ಮಿಲಿಟ್ರಿ ಮಾವ, ಮಿಲಿಟ್ರಿ ಅಜ್ಜ, ಮನೆ ತೋರಿಸುವಾಗ 'ಮಿಲಿಟ್ರಿಯವರ ಮನೆ ದಾಟಿ ಎಡಕ್ಕೆ'. ಮರಾಠಿ ಹಳ್ಳಿಯಲ್ಲಿ ಅವನು ಫೌಜಿ. ಪುಣೆಯಿಂದ ಬೆಂಗಳೂರಿಗೆ ಬರುವ ಹೆದ್ದಾರಿ ಹಾದುಹೋಗುವ ಸಾತಾರಾ ಜಿಲ್ಲೆಯಲ್ಲಿ ಒಂದು ಊರಿನ ಹೆಸರೇ 'ಅಪ್ಶಿಂಗೆ ಮಿಲಿಟರಿ'. ಮೊದಲ ಮಹಾಯುದ್ಧದಲ್ಲಿ ಆ ಒಂದು ಊರಿನ 46 ಮಂದಿ ಸತ್ತರು. ಮಿಲಿಟರಿ ಎಂಬುದು ಅಲ್ಲಿ ಊರಿಗೇ ಅಂಟಿಕೊಂಡ ಬಿರುದು.

ನಮ್ಮ ಸೊಸೈಟಿಯ ಗೇಟಿನಲ್ಲಿ ಇರುವವರು ಜತ್ ತಾಲ್ಲೂಕಿನವರು, ಮರಾಠಾ ಲೈಟ್ ಇನ್ಫೆಂಟ್ರಿಯಲ್ಲಿ ಇದ್ದವರು. ಸಾಂಗ್ಲಿ ಜಿಲ್ಲೆಯ ಆ ಭಾಗದ ಎಷ್ಟೋ ಮನೆಗಳಂತೆ ಅವರ ಮನೆಮಾತೂ ಕನ್ನಡ. ರೆಜಿಮೆಂಟಿನ ಕೇಂದ್ರ ಬೆಳಗಾವಿ, ಹಾಗಾಗಿ ಸೈನ್ಯ ಸೇರಿದ ಮೇಲೂ ಕನ್ನಡ ತಪ್ಪಲಿಲ್ಲ. ಕಳೆದ ಕಾರ್ಗಿಲ್ ವಿಜಯ ದಿನದಂದು ಸೊಸೈಟಿಯಲ್ಲಿ ಒಂದು ಚಿಕ್ಕ ಕಾರ್ಯಕ್ರಮ ಇತ್ತು. ಭಾಷಣ, ಪುಷ್ಪಾರ್ಪಣೆ, ಆಮೇಲೆ 'ಎರಡು ನಿಮಿಷ ಮೌನ'. ಎಲ್ಲರೂ ತಲೆ ತಗ್ಗಿಸಿದರು. ನಲವತ್ತು ಸೆಕೆಂಡು ಕಳೆದಿರಬಹುದು, ಮೈಕಿನಲ್ಲಿ 'ಧನ್ಯವಾದ' ಬಂತು, ಕುರ್ಚಿಗಳು ಸದ್ದು ಮಾಡಿದವು. ಅವರು ಮಾತ್ರ ಗೇಟಿನ ಹತ್ತಿರ ಸಾವಧಾನದಲ್ಲಿ ನಿಂತೇ ಇದ್ದರು. ಪೂರ್ತಿ ಎರಡು ನಿಮಿಷ ಆದ ಮೇಲೆಯೇ ಕಾಲು ಸಡಿಲಿಸಿದ್ದು. ಆಗ ಯಾರನ್ನು ನೆನೆದಿರಿ ಎಂದು ಸಂಜೆ ಕೇಳಿದೆ.

'ಸತ್ತವರನ್ನ ನೆನಸೇ ನೆನಸ್ತೀವಿರಿ ಅಕ್ಕಾರ. ಆದ್ರ ನಂಗ ಮೊದಲ ನೆನಪಾಗೂದು ಬದುಕಿ ಬಂದಾಂವ. ನಮ್ಮ ಪ್ಲಟೂನದಾಂವ, ಮೈನಿನ ಮ್ಯಾಲ ಕಾಲಿಟ್ಟಾಂವ. ಈಗ ಊರಾಗ ಹೊಲ ನೋಡ್ಕೊಂಡದಾನ. ಅಂವಗ ಯಾರು ನಿಂತಗೋತಾರ್ರಿ?'

ಅವರ ಪ್ರಶ್ನೆಗೆ ಚರಿತ್ರೆಯಲ್ಲಿ ಒಂದು ಉತ್ತರವಿದೆ. ಯುದ್ಧದಲ್ಲಿ ಮಡಿದವರಿಗಾಗಿ ಇಡೀ ಊರು ಒಂದೇ ಹೊತ್ತಿಗೆ ಮೌನವಾಗಿ ನಿಲ್ಲುವ ಪದ್ಧತಿ 1918ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಶುರುವಾಯಿತು. ಮೇಯರ್ ಹ್ಯಾರಿ ಹ್ಯಾಂಡ್ಸ್ ಅದನ್ನು ಜಾರಿಗೆ ತಂದರು. ಮಧ್ಯಾಹ್ನದ ತೋಪು ಹಾರಿದ ಕೂಡಲೇ ಟ್ರಾಮು, ಗಾಡಿ, ಜನ ಎಲ್ಲ ನಿಲ್ಲಬೇಕು. ಮರುವರ್ಷ ಸರ್ ಪರ್ಸಿ ಫಿಟ್ಸ್‌ಪ್ಯಾಟ್ರಿಕ್ ಈ ಪದ್ಧತಿಯನ್ನು ಲಂಡನ್ನಿಗೆ ತಿಳಿಸಿದರು, ಐದನೇ ಜಾರ್ಜ್ 1919ರ ನವೆಂಬರ್ 7ರಂದು ಪ್ರಕಟಣೆ ಹೊರಡಿಸಿದ, ನವೆಂಬರ್ 11ಕ್ಕೆ ಎರಡು ನಿಮಿಷದ ಮೌನ ಬಂತು. ಒಂದಲ್ಲ, ಎರಡು ನಿಮಿಷ ಏಕೆ ಎಂಬುದಕ್ಕೆ ಕೇಪ್‌ಟೌನಿನಲ್ಲಿ ಹೇಳುವ ವಿವರಣೆ ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಬಿದ್ದಿಲ್ಲ. ಮೊದಲ ನಿಮಿಷ ಬದುಕಿ ಮರಳಿ ಬಂದವರಿಗೆ ಕೃತಜ್ಞತೆ. ಎರಡನೆಯದು ಮಡಿದವರ ಸ್ಮರಣೆ.

ನಮ್ಮ ದೇಶದಲ್ಲಿ ಪ್ರತಿ ಜನವರಿ 30ರಂದು, ಗಾಂಧೀಜಿ ಹತ್ಯೆಯಾದ ದಿನ, ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಟ್ಟವರ ನೆನಪಿಗೆ ಬೆಳಿಗ್ಗೆ 11ಕ್ಕೆ ಎರಡು ನಿಮಿಷ ಮೌನ ಆಚರಿಸಬೇಕು ಎಂದು ಗೃಹ ಸಚಿವಾಲಯದ ಆದೇಶ ಇದೆ. 10.59ರಿಂದ ಒಂದು ನಿಮಿಷ ಸೈರನ್, 11.02ಕ್ಕೆ ಮತ್ತೆ ಸೈರನ್. ಆ ದಿನಕ್ಕೆ ಹುತಾತ್ಮರ ದಿನ ಎಂದು ಹೆಸರು. ಪದ್ಧತಿ ನಮ್ಮದಾಯಿತು, ಮೊದಲ ನಿಮಿಷದ ಅರ್ಥ ಮಾತ್ರ ದಾರಿಯಲ್ಲೆಲ್ಲೋ ಬಿಟ್ಟುಹೋಯಿತು.

ಸತ್ತವರಿಗೆ ನಮ್ಮ ಭಾಷೆಯಲ್ಲಿ ಮಾತಿನ ಬಡತನವಿಲ್ಲ. ವೀರಮರಣ, ವೀರಸ್ವರ್ಗ, ಹುತಾತ್ಮ. 'ಹುತಾತ್ಮ' ಎನ್ನಬೇಡಿ, ಅದಕ್ಕೆ ಧಾರ್ಮಿಕ ಛಾಯೆ ಇದೆ ಎಂಬ ಕಾರಣ ಕೊಟ್ಟು 2022ರಲ್ಲಿ ಸೈನ್ಯದ ಮುಖ್ಯ ಕಚೇರಿಯೇ ತನ್ನವರಿಗೆ ಪತ್ರ ಬರೆಯಿತು. ಆದರೂ ಪತ್ರಿಕೆಗಳು ಆ ಪದವನ್ನು ಬಿಟ್ಟಿಲ್ಲ. ಕಲ್ಲಿನಲ್ಲಂತೂ ಸಾವಿರಾರು ವೀರಗಲ್ಲು. ಮಹಾರಾಷ್ಟ್ರದವರು ಅದನ್ನು 'ವೀರಗಳ' ಎನ್ನುತ್ತಾರೆ. ಆ ಮಾತಿನ ಬಾಲದಲ್ಲಿರುವುದು ನಮ್ಮ ಕಲ್ಲೇ. ಪುಣೆ ಜಿಲ್ಲೆಯ ಹಳ್ಳಿ ದೇವಸ್ಥಾನಗಳ ಪಕ್ಕದಲ್ಲಿ ಅರ್ಧ ಹೂತು ನಿಂತ ವೀರಗಳ ಕಂಡಾಗ ಕನ್ನಡದ ಗಡಿ ಒಂದು ಕಾಲಕ್ಕೆ ಎಲ್ಲಿಯವರೆಗೆ ಇತ್ತು ಎಂದು ಲೆಕ್ಕ ಹಾಕುವವರಿದ್ದಾರೆ. ನನಗೆ ಅದಕ್ಕಿಂತ ಹೆಚ್ಚಾಗಿ ಕಾಡುವುದು, ಗೆದ್ದು ಮರಳಿದವನ ಕಲ್ಲು ಎಲ್ಲಿ ಎಂಬುದು.

ಅದೂ ಇತ್ತು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನಾವು ಸಾಮಾನ್ಯವಾಗಿ ಕಾಳಿ ಎಂಬ ನಾಯಿಗಾಗಿ ನೆನೆಯುತ್ತೇವೆ, ಕಾಡುಹಂದಿಯೊಡನೆ ಹೋರಾಡಿ ಸತ್ತ ನಾಯಿ ಅದು. ಅದೇ ಶಾಸನದಲ್ಲಿ ಮಣಲೇರ ಎಂಬ ಯೋಧನ ಕಥೆಯೂ ಇದೆ. 949ರ ತಕ್ಕೋಲಂ ಯುದ್ಧದಲ್ಲಿ ಚೋಳರ ಎದುರು ಕಾದಾಡಿ ಬದುಕಿ ಬಂದವನು ಅವನು. ಗಂಗರ ಬೂತುಗ ಅವನಿಗೆ ಆತಕೂರು ಹನ್ನೆರಡನ್ನು 'ಬಾಳ್ಗಚ್ಚು' ಎಂದು ಕೊಟ್ಟ. ಬಾಳ್ ಎಂದರೆ ಕತ್ತಿ, ಕರ್ಚು ಎಂದರೆ ತೊಳೆ. ಯುದ್ಧ ಮುಗಿಸಿ ಬಂದವನ ಕತ್ತಿ ತೊಳೆದು ಕೊಡುವ ಕೊಡುಗೆ. ಸಾವಿರ ವರ್ಷದ ಹಿಂದಿನ ಕನ್ನಡಕ್ಕೆ, ಬದುಕಿ ಬಂದ ಯೋಧನನ್ನು ಗೌರವಿಸುವುದಕ್ಕೂ ಒಂದು ಪದವಿತ್ತು. ಅಂಥ ಭಾಷೆ ಈಗ ಅವನಿಗೆ ಮಾಜಿ ಎಂದು ಹೇಳಿ ಸುಮ್ಮನಾಗುತ್ತಿದೆ.

ಖಡಕಿಗೆ ಬರೋಣ. ಅಲ್ಲಿನ ಯುದ್ಧ ಸ್ಮಶಾನದಲ್ಲಿ ಎರಡನೇ ಮಹಾಯುದ್ಧದ ಕಾಲದ 1,668 ಸೈನಿಕರ ಸಮಾಧಿಗಳಿವೆ. ಹುಲ್ಲು ಕತ್ತರಿಸಿದ ಸಾಲುಗಳು, ಒಂದೇ ಎತ್ತರದ ಕಲ್ಲುಗಳು. ಕಲ್ಲಿನ ಮೇಲೆ ರೆಜಿಮೆಂಟಿನ ಲಾಂಛನ, ನಂಬರು, ಹುದ್ದೆ, ಹೆಸರು, ಸತ್ತ ದಿನ, ವಯಸ್ಸು. ಹುದ್ದೆ ಹೆಸರಿಗಿಂತ ಮೊದಲು ಬರುತ್ತದೆ. ಎಂಬತ್ತು ವರ್ಷ ಕಳೆದರೂ ಅಲ್ಲಿ ಯಾರೂ ಮಾಜಿ ಆಗಿಲ್ಲ. ಸತ್ತವನ ಹುದ್ದೆ ಕಾಯಂ, ಬದುಕಿದವನದು ಮಾತ್ರ ಹೋಗುತ್ತದೆ.

ಅದೇ ಖಡಕಿಯಲ್ಲಿ, ಬೆನ್ನುಹುರಿಗೆ ಪೆಟ್ಟುಬಿದ್ದ ಸೈನಿಕರ ಪುನರ್ವಸತಿ ಕೇಂದ್ರ ಇದೆ. 1974ರಲ್ಲಿ ಶುರುವಾದದ್ದು. ಸೊಂಟದ ಕೆಳಗೆ, ಕೆಲವರಿಗೆ ಕುತ್ತಿಗೆಯ ಕೆಳಗೆ ಸ್ವಾಧೀನವಿಲ್ಲದವರು ಅಲ್ಲಿದ್ದಾರೆ. ಗಾಲಿಕುರ್ಚಿಯಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಾರೆ, ಬಾಯಲ್ಲಿ ಕುಂಚ ಹಿಡಿದು ಚಿತ್ರ ಬರೆಯುತ್ತಾರೆ. ಗಾಯಗೊಂಡ ಸೈನಿಕರಿಗೆ ಕಸುಬು ಕಲಿಸುವ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆಯೂ ಖಡಕಿಯಲ್ಲೇ ಇದೆ, 1917ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಆಮೇಲೆ ಇಲ್ಲಿಗೆ ಬಂದದ್ದು. ವಾನವಡಿಯ ಕೃತಕ ಅಂಗ ಕೇಂದ್ರ 1944ರದು. ಒಂದೊಂದು ಯುದ್ಧ ಈ ಊರಿಗೆ ಒಂದೊಂದು ಸಂಸ್ಥೆ ಬಿಟ್ಟುಹೋಗಿದೆ. ಇಲ್ಲಿರುವವರ ಮೈಯಲ್ಲಿ ಯುದ್ಧ ಇನ್ನೂ ನಡೆಯುತ್ತಲೇ ಇದೆ. ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹುಣ್ಣಾಗುವ ಬೆನ್ನಿಗೆ ಭೂತಕಾಲ ಎಂಬುದಿಲ್ಲ.

ಮುರಳೀಕಾಂತ ಪೇಟ್ಕರ್ ಅವರ ಹೆಸರನ್ನು ಈಗ ಸಿನಿಮಾದಿಂದಾಗಿ ಎಲ್ಲರೂ ಬಲ್ಲರು. ಸಾಂಗ್ಲಿ ಜಿಲ್ಲೆಯವರು, ಸೈನ್ಯದ ಇಎಂಇ ದಳದಲ್ಲಿದ್ದವರು, ಬಾಕ್ಸರ್. 1965ರ ಯುದ್ಧದಲ್ಲಿ ಗುಂಡು ತಗುಲಿ ಸೊಂಟದ ಕೆಳಗೆ ಶಕ್ತಿ ಹೋಯಿತು. 1972ರಲ್ಲಿ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ. ಪದ್ಮಶ್ರೀ ಬಂದದ್ದು 2018ರಲ್ಲಿ, ಜೀವಮಾನ ಸಾಧನೆಗೆ ಅರ್ಜುನ ಪ್ರಶಸ್ತಿ ಕೈಗೆ ಸಿಕ್ಕಿದ್ದು 2025ರ ಜನವರಿಯಲ್ಲಿ. ನಡುವಿನ ಅರ್ಧ ಶತಮಾನ ಅವರು ಪುಣೆಯಲ್ಲಿ ನೌಕರಿ ಮಾಡಿಕೊಂಡು ಎಲ್ಲರ ಕಣ್ಣೆದುರಿಗೇ ಇದ್ದರು. ಮಡಿದವರಿಗೆ ನಾವು ಎರಡು ನಿಮಿಷ ಮೌನ ಕೊಡುತ್ತೇವೆ, ಇವರಿಗೆ ಕೊಟ್ಟದ್ದೂ ಮೌನವೇ, ಐವತ್ತು ವರ್ಷದ್ದು.

ಮಾಜಿ ಎಂಬ ಪದ ಬೆರಳೆಣಿಕೆಯವರ ವಿಷಯದಲ್ಲಿ ಸೋತಿದೆ, ಅವರಲ್ಲಿ ಒಬ್ಬರು ನಮ್ಮ ಕೊಡಗಿನವರು. ಕೆ.ಎಂ. ಕಾರ್ಯಪ್ಪ 1949ರ ಜನವರಿ 15ರಂದು ಸೇನೆಯ ದಂಡನಾಯಕರಾದರು, 1953ರ ಜನವರಿ 14ರಂದು ನಿವೃತ್ತರಾದರು. ಮೂವತ್ತಮೂರು ವರ್ಷದ ನಂತರ, 1986ರಲ್ಲಿ, ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟರು. ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿ ಎಂಬುದಿಲ್ಲ, ಕೊನೆಯುಸಿರಿನ ತನಕ ಸೇವೆಯಲ್ಲಿರುವವರೇ. ಹೀಗೆ ಎಂಬತ್ತೇಳನೇ ವಯಸ್ಸಿನಲ್ಲಿ ಅವರ ಹೆಸರಿನ ಹಿಂದಿನ ಮಾಜಿ ಅಳಿಸಿಹೋಯಿತು. ಅವರು ಅಧಿಕಾರ ವಹಿಸಿಕೊಂಡ ದಿನ ಸೇನಾ ದಿನ. 2025ರಲ್ಲಿ ಅದರ ಪೆರೇಡ್ ಮೊದಲ ಬಾರಿಗೆ ಪುಣೆಗೆ ಬಂತು, ಖಡಕಿಯ ಬಾಂಬೆ ಎಂಜಿನಿಯರ್ ಗ್ರೂಪಿನ ಮೈದಾನದಲ್ಲಿ ನಡೆಯಿತು. ಅವರು ನಿವೃತ್ತರಾದ ದಿನ, ಅಂದರೆ ಜನವರಿ 14 ಕೂಡ, 2016ರಿಂದ ದೇಶದ ಎಲ್ಲ ನಿವೃತ್ತ ಯೋಧರ ದಿನ. ನಿವೃತ್ತಿಗೂ ಒಂದು ಹಬ್ಬ ಇರಬೇಕು ಎಂಬುದಕ್ಕೆ ಕೊಡವರೊಬ್ಬರ ನಿವೃತ್ತಿಯೇ ಆಧಾರವಾದದ್ದು ನನಗೆ ಹೆಮ್ಮೆಯ ಸಂಗತಿ.

ಉಳಿದವರ ಪಾಡು ಹಾಗಿಲ್ಲ. ಜವಾನನೊಬ್ಬ ಪೆನ್ಷನ್ನಿಗೆ ಬೇಕಾದ ಹದಿನೈದು ವರ್ಷ ಮುಗಿಸಿ ಹೊರಬಂದಾಗ ಅವನಿಗೆ ಇನ್ನೂ ಮೂವತ್ತೈದೋ ನಲವತ್ತೋ. ಮಕ್ಕಳು ಪ್ರೈಮರಿ ಶಾಲೆಯಲ್ಲಿರುತ್ತಾರೆ, ಅಪ್ಪ ಆಗಲೇ ಮಾಜಿ. 2022ರಲ್ಲಿ ಬಂದ ಅಗ್ನಿಪಥದಲ್ಲಿ ಸೇವೆ ನಾಲ್ಕೇ ವರ್ಷ, ಸೈನ್ಯ ಉಳಿಸಿಕೊಳ್ಳುವುದು ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬನನ್ನು. ಪತ್ರಿಕೆಗಳಲ್ಲಿ 'ಮಾಜಿ ಅಗ್ನಿವೀರ' ಎಂಬ ಮಾತು ಆಗಲೇ ಬಂದಿದೆ. ಮೀಸೆ ದಟ್ಟವಾಗುವ ವಯಸ್ಸಿನ ಹುಡುಗನಿಗೆ ಭೂತಕಾಲದ ಹೆಸರು ಕೊಡುವಾಗ ಭಾಷೆಗೆ ಕೊಂಚ ಸಂಕೋಚವಾಗಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಕಚೇರಿಯ ಕಾಗದದಲ್ಲಿ ಮಾಜಿ ಇರಲಿ, ಪೆನ್ಷನ್ನಿಗೆ, ಮೀಸಲಾತಿಗೆ, ಆಸ್ಪತ್ರೆಯ ಚೀಟಿಗೆ ಅದು ಬೇಕು. ಆಡುವ ಮಾತಿನಲ್ಲಿ ಹಳ್ಳಿಯವರದೇ ಸರಿ. ಅವರ ಬಾಯಲ್ಲಿ ಮಿಲಿಟ್ರಿ ಅಜ್ಜ ಸಾಯುವ ತನಕ ಮಿಲಿಟ್ರಿ ಅಜ್ಜನೇ. ಗೊತ್ತಿದ್ದರೆ ಹುದ್ದೆ ಹಿಡಿದು ಕರೆಯಿರಿ, ಹವಾಲ್ದಾರರೇ ಎನ್ನಿ, ಸುಬೇದಾರರೇ ಎನ್ನಿ. ಮೌನಕ್ಕೆ ನಿಂತಾಗ ಎರಡು ನಿಮಿಷವನ್ನು ಗಡಿಯಾರ ನೋಡಿ ಪೂರ್ತಿ ಎರಡು ನಿಮಿಷ ಮಾಡಿ, ಮೊದಲ ನಿಮಿಷವನ್ನು ಬದುಕಿರುವವರಿಗೆ ಕೊಡಿ. ಜನವರಿ 14ರ ಸುಮಾರಿಗೆ ನಿಮ್ಮ ಮನೆಯಲ್ಲಿ ಹೇಗೂ ಎಳ್ಳುಬೆಲ್ಲ ಇರುತ್ತದೆ. ನಿಮ್ಮ ಓಣಿಯ ಮಿಲಿಟ್ರಿಯವರ ಮನೆಗೆ ಮೊದಲು ಹೋಗಿ ಕೊಟ್ಟು ಬನ್ನಿ.